ಕೊಬ್ಬಿನ ಜೀನ್ ಮತ್ತು ಕರುಳಿನ ಕ್ಯಾನ್ಸರ್: ನಮ್ಮ ಮನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಣ್ಣನಿಗೆ 52ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ನಾನು ಜಯನಗರದ ಕಡೆ ಒಂದು ಪಿಯು ಕಾಲೇಜಿನಲ್ಲಿ 28 ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು. ಡಾಕ್ಟರಲ್ಲ. ಆದರೂ ಮನೆಯಲ್ಲಿ ಜೀನ್ ಅನ್ನುವ ಮಾತು ಬಂದರೆ ಎಲ್ಲರೂ ನನ್ನ ಕಡೆಗೇ ತಿರುಗುತ್ತಾರೆ. ಅಣ್ಣನ ಮಕ್ಕಳು, ಅತ್ತಿಗೆ, ಲಾಲ್‌ಬಾಗ್‌ನಲ್ಲಿ ಬೆಳಗ್ಗೆ ಜೊತೆಗೆ ನಡೆಯುವ ಗೆಳತಿಯರು, ಎಲ್ಲರದ್ದೂ ಸುತ್ತಿ ಬಳಸಿ ಅವೇ ಪ್ರಶ್ನೆಗಳು. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಬರೆದಿಟ್ಟರೆ ವಾಸಿ ಅನ್ನಿಸಿತು.

ಅತ್ತೆ, ಕೊಬ್ಬಿನ ಜೀನ್‌ಗೂ ಕರುಳಿಗೂ ಏನು ಸಂಬಂಧ? ಕೊಬ್ಬು ಅಂದ್ರೆ ಹಾರ್ಟ್ ಅಲ್ವಾ?

ಹಾರ್ಟಿಗೆ ಮಾತ್ರ ಅಲ್ಲ ಮಗಾ. ನಮ್ಮ ಪ್ರತಿಯೊಂದು ಜೀವಕೋಶದ ಗೋಡೆಯೂ, ಅಂದರೆ ಹೊರಪೊರೆಯೂ, ಮುಖ್ಯವಾಗಿ ಕೊಬ್ಬು ಮತ್ತು ಪ್ರೋಟೀನ್‌ನಿಂದ ಆಗಿರೋದು. ಕರುಳಿನ ಒಳಪದರದ ಕೋಶಗಳಿಗಂತೂ ಆಯಸ್ಸು ಬರೀ ನಾಲ್ಕೈದು ದಿನ. ಹಳೆಯವು ಉದುರುತ್ತವೆ, ಹೊಸವು ಬರುತ್ತವೆ. ಇಷ್ಟು ಬೇಗ ಬೇಗ ಕೋಶಗಳು ಹುಟ್ಟುವ ಜಾಗದಲ್ಲಿ ಗೋಡೆಗೆ ಯಾವ ಕೊಬ್ಬು ಸೇರಿದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ಈಗ ಕಥೆಗೆ ಬರೋಣ. ಅಡುಗೆ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಅಂತ ಒಂದು ಕೊಬ್ಬಿದೆ. ಅದರಲ್ಲಿ 18 ಕಾರ್ಬನ್. ನಮ್ಮ ದೇಹ ಅದನ್ನು ಉದ್ದ ಮಾಡಿ, ಅಲ್ಲಲ್ಲಿ ಬಗ್ಗಿಸಿ, 20 ಕಾರ್ಬನ್ನಿನ ಅರಾಕಿಡೋನಿಕ್ ಆಮ್ಲ ಮಾಡಿಕೊಳ್ಳುತ್ತದೆ. ಇದರಲ್ಲಿ ಬಗ್ಗಿಸುವ ಕೆಲಸ ಮಾಡುವ ಎರಡು ಕಿಣ್ವಗಳನ್ನು ತಯಾರಿಸುವ ಜೀನ್‌ಗಳು ಫ್ಯಾಡ್ಸ್1 ಮತ್ತು ಫ್ಯಾಡ್ಸ್2. ಎರಡೂ 11ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕದ ಮನೆಯವು. ಕೆಲವರಿಗೆ ಹುಟ್ಟಿನಿಂದಲೇ ಚುರುಕು ಕೆಲಸದ ಫ್ಯಾಡ್ಸ್ ಬಂದಿರುತ್ತದೆ, ಕೆಲವರಿಗೆ ನಿಧಾನದ್ದು. ಚುರುಕಿನವರ ರಕ್ತದಲ್ಲಿ ಅರಾಕಿಡೋನಿಕ್ ಆಮ್ಲ ಸ್ವಲ್ಪ ಜಾಸ್ತಿ.

ಈ ಅರಾಕಿಡೋನಿಕ್ ಸುಮ್ಮನೆ ಗೋಡೆಯಲ್ಲೇ ಕೂತಿದ್ದರೆ ತೊಂದರೆ ಇರಲಿಲ್ಲ. ಗಾಯ, ಸೋಂಕು, ಉರಿ ಏನೇ ಆದರೂ ಒಂದು ಕಿಣ್ವ ಅದನ್ನು ಗೋಡೆಯಿಂದ ಕತ್ತರಿಸಿ ಹೊರಗೆ ತೆಗೆಯುತ್ತದೆ. ಆಮೇಲೆ ಕಾಕ್ಸ್ ಅನ್ನುವ ಇನ್ನೊಂದು ಕಿಣ್ವ ಅದರಿಂದ ಪ್ರೊಸ್ಟಾಗ್ಲಾಂಡಿನ್ ಅನ್ನುವ, ಕೋಶಗಳಿಗೆ ಸಂದೇಶ ಮುಟ್ಟಿಸುವ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಇ2 ಎನ್ನುವ ಬಗೆ ಕರುಳಿನ ಕೋಶಕ್ಕೆ 'ಬೆಳೆ, ಬೆಳೆ' ಅನ್ನುತ್ತದೆ, ಸಾಯಬೇಕಾದ ಕೋಶವನ್ನೂ ಉಳಿಸಿಕೊಳ್ಳುತ್ತದೆ. ಕರುಳಿನ ಗಡ್ಡೆಗಳಲ್ಲಿ ಕಾಕ್ಸ್-2 ಮೈದುಂಬಿ ಕೆಲಸ ಮಾಡುತ್ತಿರುವುದು ಬಹಳ ಸಲ ಕಂಡಿದೆ. ಆಸ್ಪಿರಿನ್ ತಡೆಯುವುದು ಇದೇ ಕಾಕ್ಸ್ ಅನ್ನು. ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ಅದನ್ನು ಪತ್ತೆ ಮಾಡಿದ್ದು 1971ರಲ್ಲಿ. 1982ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು.

2014ರಲ್ಲಿ ಪೂರ್ವ ಏಷ್ಯಾದವರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಕರುಳಿನ ಕ್ಯಾನ್ಸರ್ ಬಂದವರಲ್ಲಿ ಮತ್ತು ಬಾರದವರಲ್ಲಿ ಯಾವ ಜೀನ್ ಜಾಗಗಳು ಬೇರೆ ಬೇರೆ ಇವೆ ಎಂದು ಹುಡುಕಿದಾಗ ಸಿಕ್ಕಿದ ಜಾಗಗಳಲ್ಲಿ ಫ್ಯಾಡ್ಸ್ ಇರುವ ಜಾಗವೂ ಒಂದು. ಎಣ್ಣೆಗೂ ಕರುಳಿಗೂ ಹೀಗೆ ಗಂಟು ಬಿತ್ತು.

ಹಾಗಾದ್ರೆ ಅಪ್ಪನಿಗೆ ಬಂದದ್ದು ಆ ಜೀನ್‌ನಿಂದಲೇನಾ? ನನಗೂ ಬರುತ್ತಾ?

ಈ ಪ್ರಶ್ನೆಯನ್ನು ಅಣ್ಣನ ದೊಡ್ಡ ಮಗ ಕೇಳಿದಾಗ ನಾನು ಅವನಿಗೆ ಮೊದಲು ಹೇಳಿದ್ದು, ಜೀನ್‌ಗಳಲ್ಲಿ ಗುಡುಗೂ ಇದೆ, ಜಿನುಗು ಮಳೆಯೂ ಇದೆ ಅಂತ.

ಗುಡುಗು ಅಂದರೆ ಎಪಿಸಿ, ಎಂಎಲ್‌ಎಚ್1, ಎಂಎಸ್‌ಎಚ್2 ತರದ ಜೀನ್‌ಗಳು. ಎಪಿಸಿ ಕೆಟ್ಟಿದ್ದರೆ ಹದಿಹರೆಯದಲ್ಲೇ ಕರುಳಿನ ತುಂಬ ನೂರಾರು ಪಾಲಿಪ್, ಅಂದರೆ ಒಳಪದರದ ಸಣ್ಣ ಸಣ್ಣ ಗಂಟು, ಏಳುತ್ತವೆ. ಆಪರೇಷನ್ ಮಾಡದಿದ್ದರೆ ಹೆಚ್ಚುಕಡಿಮೆ ಎಲ್ಲರಿಗೂ ಕ್ಯಾನ್ಸರ್ ಆಗುತ್ತದೆ. ಎಂಎಲ್‌ಎಚ್1 ಗುಂಪಿನ ನಾಲ್ಕು ಜೀನ್‌ಗಳಲ್ಲಿ ಒಂದು ಕೆಟ್ಟಿದ್ದರೆ ಅದು ಲಿಂಚ್ ಸಿಂಡ್ರೋಮ್, ಕರುಳು, ಗರ್ಭಕೋಶದ ಕ್ಯಾನ್ಸರ್ ಮನೆತನದಲ್ಲೇ ಹರಿದು ಬರುವ ಸ್ಥಿತಿ. ಅಮೆರಿಕದ ಮಿಶಿಗನ್‌ನಲ್ಲಿ 1895ರಲ್ಲಿ ಒಬ್ಬ ಹೊಲಿಗೆ ಹೆಂಗಸು ಆಲ್ಡ್ರೆಡ್ ವಾರ್ಥಿನ್ ಎಂಬ ಡಾಕ್ಟರ ಹತ್ತಿರ, ನಮ್ಮ ಮನೆಯಲ್ಲಿ ಎಲ್ಲರೂ ಕ್ಯಾನ್ಸರ್‌ನಿಂದಲೇ ಹೋಗಿದ್ದಾರೆ, ನಾನೂ ಹಾಗೇ ಹೋಗ್ತೀನಿ ಅಂತ ಹೇಳಿಕೊಂಡಳಂತೆ. ಹಾಗೇ ಆಯಿತು. ಆತ ಆ ಕುಟುಂಬದ ವಿವರ ಅಚ್ಚು ಹಾಕಿಸಿದ್ದು 1913ರಲ್ಲಿ. ಇಂಥ ಮನೆತನಗಳ ಮೇಲೆ ಆಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು ಹೆನ್ರಿ ಲಿಂಚ್ ಎಂಬ ಡಾಕ್ಟರು. ಒಟ್ಟು ಕರುಳಿನ ಕ್ಯಾನ್ಸರಿನಲ್ಲಿ ಲಿಂಚ್‌ನ ಪಾಲು ನೂರಕ್ಕೆ ಮೂರರಷ್ಟು. ಇವು ಯಾವುವೂ ಕೊಬ್ಬಿನ ಜೀನ್‌ಗಳಲ್ಲ. ಲಿಂಚ್‌ನ ಜೀನ್‌ಗಳ ಕೆಲಸ ಡಿಎನ್‌ಎ ನಕಲಿನಲ್ಲಿ ಬಿದ್ದ ತಪ್ಪು ತಿದ್ದುವುದು.

ಫ್ಯಾಡ್ಸ್ ಜಿನುಗು ಮಳೆ. 2022ರ ಹೊತ್ತಿಗೆ ಇಂಥ ಸಣ್ಣ ಪ್ರಭಾವದ ಜಾಗಗಳು 200ಕ್ಕೂ ಹೆಚ್ಚು ಸಿಕ್ಕಿದ್ದವು. ಒಂದೊಂದೂ ಅಪಾಯವನ್ನು ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ತಳ್ಳುತ್ತದೆ ಅಷ್ಟೆ. ಲೆಕ್ಕಕ್ಕೆ ಹೇಳುವುದಾದರೆ, ಸಾವಿರ ಜನರಲ್ಲಿ 10 ಮಂದಿಗೆ ಬರುವ ಕಾಯಿಲೆ ಅಂತಿಟ್ಟುಕೊಳ್ಳಿ. ಒಂದು ಜೀನ್ ಅಪಾಯವನ್ನು ನೂರಕ್ಕೆ 15ರಷ್ಟು ಹೆಚ್ಚಿಸಿದರೆ 10 ಇದ್ದದ್ದು ಹನ್ನೊಂದೂವರೆ ಆಗುತ್ತದೆ. ಪೇಪರ್‌ನವರು 'ಶೇ 15 ಹೆಚ್ಚು' ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಹನ್ನೊಂದೂವರೆ ಅಂತ ಯಾರೂ ಬರೆಯೋದಿಲ್ಲ.

ಅಣ್ಣನ ಆಪರೇಷನ್ ಆದಮೇಲೆ ಗಡ್ಡೆಯ ತುಂಡಿನಲ್ಲಿ ಲಿಂಚ್‌ಗೆ ಸಂಬಂಧಪಟ್ಟ ನಾಲ್ಕು ಪ್ರೋಟೀನ್ ಇದೆಯೋ ಇಲ್ಲವೋ ನೋಡಿದರು. ನಾಲ್ಕೂ ಇದ್ದವು. ಹಾಗಾಗಿ ಗುಡುಗಿನ ಸಾಧ್ಯತೆ ಕಡಿಮೆ ಅಂದರು. ಕರುಳಿನ ಕ್ಯಾನ್ಸರ್ ಆದ ಯಾರ ಮನೆಯವರೇ ಆಗಲಿ, ಆ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಬೇಕು. ಉತ್ತರ ಬೇಕಿರುವುದು ರೋಗಿಗೆ ಮಾತ್ರ ಅಲ್ಲ, ಅವರ ಮಕ್ಕಳಿಗೂ ತಮ್ಮ ತಂಗಿಯರಿಗೂ.

ಸಸ್ಯಾಹಾರಿ ಭಾರತೀಯರ ಜೀನ್‌ನಲ್ಲೇ ಕ್ಯಾನ್ಸರ್ ಇದೆ ಅಂತ ಓದಿದೆವಲ್ಲ?

ಇದನ್ನು ಕೇಳಿದ್ದು ನನ್ನ ಅತ್ತಿಗೆ. ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ಬಿಡದವರು. ಪಾಪ, ಅಷ್ಟು ಮಡಿ ಮಾಡಿ ಕೊನೆಗೆ ಇದಾ ಅಂತ ಅವರ ಸಂಕಟ.

ಸುದ್ದಿಯ ಮೂಲ 2016ರ ಒಂದು ಅಧ್ಯಯನ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಪುಣೆಯ 234 ಮಂದಿ ಸಸ್ಯಾಹಾರಿಗಳನ್ನು, ಅಮೆರಿಕದ 311 ಮಂದಿಯನ್ನು ಹೋಲಿಸಿ ನೋಡಿತು. ಫ್ಯಾಡ್ಸ್2ರಲ್ಲಿ 22 ಡಿಎನ್‌ಎ ಅಕ್ಷರದ ಒಂದು ತುಂಡು ಕೆಲವರಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಇದ್ದರೆ ಗಿಡದ ಎಣ್ಣೆಯಿಂದ ಅರಾಕಿಡೋನಿಕ್ ಚೆನ್ನಾಗಿ ತಯಾರಾಗುತ್ತದೆ. ಪುಣೆಯವರಲ್ಲಿ ನೂರಕ್ಕೆ 68 ಮಂದಿಗೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಆ ತುಂಡು ಬಂದಿತ್ತು. ಅಮೆರಿಕದವರಲ್ಲಿ ಬರೀ 18.

ಇದಕ್ಕೆ ಅರ್ಥವೂ ಇದೆ. ಮಾಂಸ, ಮೊಟ್ಟೆ, ಮೀನು ತಿನ್ನುವವರಿಗೆ ಅರಾಕಿಡೋನಿಕ್ ತಟ್ಟೆಯಲ್ಲೇ ಸಿದ್ಧವಾಗಿ ಸಿಗುತ್ತದೆ. ಕಾಳು ಸೊಪ್ಪು ತಿನ್ನುವವರು ಮನೆಯಲ್ಲೇ ಮಾಡಿಕೊಳ್ಳಬೇಕು. ಮಿದುಳಿಗೆ, ಎದೆಹಾಲಿಗೆ ಅದು ಬೇಕೇ ಬೇಕು. ಚುರುಕು ಜೀನ್ ಇದ್ದವರು ಬದುಕಿ ಬಾಳಿದರು, ತಲೆಮಾರುಗಳ ಮೇಲೆ ಅವರ ಸಂಖ್ಯೆ ಹೆಚ್ಚಾಯಿತು. ನೀವು ನಾಳೆಯಿಂದ ಸೊಪ್ಪು ತಿಂದರೆ ನಿಮ್ಮ ಡಿಎನ್‌ಎ ಬದಲಾಗುತ್ತದೆ ಅಂತ ಅಲ್ಲ. ಕೆಲವು ಪೇಪರುಗಳು ಹಾಗೇ ಬರೆದವು.

ಮುಖ್ಯವಾದ ಮಾತು ಇನ್ನೊಂದಿದೆ. ಆ ಅಧ್ಯಯನ ಲೆಕ್ಕ ಹಾಕಿದ್ದು ಜೀನ್ ಎಷ್ಟು ಮಂದಿಯಲ್ಲಿದೆ ಅಂತ. ಕ್ಯಾನ್ಸರ್ ಎಷ್ಟು ಮಂದಿಗೆ ಬಂತು ಅಂತ ಅಲ್ಲ. ಕ್ಯಾನ್ಸರ್ ಅನ್ನುವ ಪದ ತಲೆಬರಹಕ್ಕೆ ಬಂದದ್ದು ಊಹೆಯ ಬೆನ್ನು ಹತ್ತಿ.

ಚುರುಕು ಜೀನ್ ನಮ್ಮವರಲ್ಲೇ ಜಾಸ್ತಿ ಅಂದ್ರೆ ಕಾಯಿಲೆಯೂ ನಮ್ಮಲ್ಲೇ ಜಾಸ್ತಿ ಇರಬೇಕಲ್ವಾ?

ಇದು ಒಳ್ಳೆ ಪ್ರಶ್ನೆ. ಕೇಳಿದವಳು ಅಣ್ಣನ ಮಗಳು. ನನ್ನ ವಿದ್ಯಾರ್ಥಿನಿ ಆಗಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದೆ.

ಉತ್ತರ: ಇಲ್ಲ. ಪ್ರಪಂಚದಲ್ಲಿ ಹೊಸದಾಗಿ ಬರುವ ಕ್ಯಾನ್ಸರ್‌ಗಳಲ್ಲಿ ಕರುಳಿನದು ಮೂರನೇ ಸ್ಥಾನದಲ್ಲಿದೆ. ವರ್ಷಕ್ಕೆ 19 ಲಕ್ಷದಷ್ಟು. ಆದರೆ ಭಾರತದಲ್ಲಿ ಅದರ ಪ್ರಮಾಣ ಯುರೋಪ್, ಅಮೆರಿಕಕ್ಕಿಂತ ತುಂಬ ಕಡಿಮೆ. ನಮ್ಮ ಬೆಂಗಳೂರಿನಲ್ಲೇ ಇದರ ಲೆಕ್ಕ ಇಡುವವರಿದ್ದಾರೆ. ಕಿದ್ವಾಯಿ ಆಸ್ಪತ್ರೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಕೊಂಡು ಬಂದಿದೆ. ದೇಶದಲ್ಲಿ ಮೊದಲು ಶುರುವಾದವುಗಳಲ್ಲಿ ಅದೂ ಒಂದು.

ಜೀನ್ ಇದೆ, ಕಾಯಿಲೆ ಕಡಿಮೆ. ಅಂದರೆ ನಡುವೆ ಬೇರೇನೋ ಕೆಲಸ ಮಾಡುತ್ತಿದೆ. ಹವಾಯಿಗೆ ವಲಸೆ ಹೋದ ಜಪಾನಿಯರಲ್ಲಿ ಇದು ಚೆನ್ನಾಗಿ ಕಂಡಿತು. ಜಪಾನಿನಲ್ಲಿ ಆಗ ಕಡಿಮೆ ಇದ್ದ ಕರುಳಿನ ಕ್ಯಾನ್ಸರ್ ಅಲ್ಲಿ ಹೋದವರಲ್ಲಿ ಒಂದೆರಡು ತಲೆಮಾರಿನಲ್ಲೇ ಅಮೆರಿಕದವರ ಮಟ್ಟಕ್ಕೆ ಏರಿತು. ಜೀನ್ ಅದೇ, ಊಟ ಬೇರೆ.

ಇನ್ನೊಂದು ಪ್ರಯೋಗ ನನಗೆ ತುಂಬ ಇಷ್ಟ. 2015ರಲ್ಲಿ ಪ್ರಕಟವಾಯಿತು. ಅಮೆರಿಕದ ಪಿಟ್ಸ್‌ಬರ್ಗಿನ 20 ಮಂದಿ ಕಪ್ಪು ಜನಾಂಗದವರು, ದಕ್ಷಿಣ ಆಫ್ರಿಕಾದ ಹಳ್ಳಿಯ 20 ಮಂದಿ. ಎರಡು ವಾರ ಇವರ ಊಟ ಅವರಿಗೆ, ಅವರ ಊಟ ಇವರಿಗೆ. ಎಷ್ಟೋ ತಲೆಮಾರಿನ ಹಿಂದೆ ಇಬ್ಬರ ಬೇರೂ ಆಫ್ರಿಕಾದ್ದೇ. ಇಲ್ಲಿ ಪಿತ್ತದ ಮಾತು ಬರುತ್ತದೆ. ಕೊಬ್ಬು ಕರಗಿಸಲು ಪಿತ್ತಜನಕಾಂಗ ಕೊಲೆಸ್ಟ್ರಾಲ್‌ನಿಂದ ಪಿತ್ತ ಮಾಡುತ್ತದೆ. ಬಹುಪಾಲು ಪಿತ್ತವನ್ನು ಸಣ್ಣ ಕರುಳಿನ ಕೊನೆಭಾಗ ವಾಪಸ್ ಹೀರಿಕೊಳ್ಳುತ್ತದೆ. ನೂರಕ್ಕೆ ಐದರಷ್ಟು ದೊಡ್ಡ ಕರುಳಿಗೆ ಜಾರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಕೆಡಿಸಿ, ಒಳಪದರವನ್ನು ಕೆರಳಿಸುವ ಇನ್ನೊಂದು ಬಗೆಯ ಪಿತ್ತಾಮ್ಲ ಮಾಡುತ್ತವೆ. ಹಳ್ಳಿ ಊಟ ಉಂಡ ಅಮೆರಿಕದವರಲ್ಲಿ ಈ ಕೆರಳಿಸುವ ಪಿತ್ತಾಮ್ಲ ನೂರಕ್ಕೆ 70ರಷ್ಟು ಇಳಿಯಿತು. ಬರ್ಗರ್ ಮಾದರಿ ಊಟ ಉಂಡ ಆಫ್ರಿಕಾದವರಲ್ಲಿ ಶೇ 400 ಏರಿತು. ಬರೀ ಎರಡು ವಾರದಲ್ಲಿ! ಹಳ್ಳಿ ಊಟ ಅಂದರೆ ನಾರು ಜಾಸ್ತಿ, ಕೊಬ್ಬು ಕಡಿಮೆ. ನಮ್ಮ ರಾಗಿಮುದ್ದೆ, ಹುರುಳಿಕಾಳು, ಬಸ್ಸಾರಿಗೆ ಅದು ದೂರದ ನೆಂಟ.

ಹಾಗಾದ್ರೆ ಯಾವ ಎಣ್ಣೆ ತರಲಿ?

ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಸುಮಾರು ಶೇ 60. ಕಡಲೆಕಾಯಿ ಎಣ್ಣೆಯಲ್ಲಿ ಶೇ 30ರ ಆಸುಪಾಸು. ತುಪ್ಪ, ಕೊಬ್ಬರಿ ಎಣ್ಣೆಯಲ್ಲಿ ಅದು ಚೂರೇ ಚೂರು. ಇದನ್ನು ಕೇಳಿದ ತಕ್ಷಣ ಸೂರ್ಯಕಾಂತಿ ಡಬ್ಬ ಹೊರಗೆ ಎಸೆಯಬೇಡಿ. ಲಿನೋಲಿಯಿಕ್ ಜಾಸ್ತಿ ತಿಂದಷ್ಟೂ ರಕ್ತದಲ್ಲಿ ಅರಾಕಿಡೋನಿಕ್ ಏರುತ್ತಾ ಹೋಗುವುದಿಲ್ಲ ಎಂದೇ ದೊಡ್ಡವರ ಮೇಲಿನ ಬಹುಪಾಲು ಪ್ರಯೋಗಗಳು ಹೇಳಿವೆ. ದೇಹ ಒಂದು ಮಟ್ಟಕ್ಕೆ ನಲ್ಲಿ ತಿರುಗಿಸಿಕೊಳ್ಳುತ್ತದೆ.

ಒಮೆಗಾ-3 ಅನ್ನುವ ಇನ್ನೊಂದು ಬಗೆಯ ಕೊಬ್ಬನ್ನೂ ಇದೇ ಫ್ಯಾಡ್ಸ್ ಕಿಣ್ವಗಳೇ ಬಗ್ಗಿಸುತ್ತವೆ. ಲಿನೋಲಿಯಿಕ್, ಒಮೆಗಾ-3 ಎರಡೂ ಒಂದೇ ಬಾಗಿಲಲ್ಲಿ ನುಗ್ಗಾಡುತ್ತವೆ. ಅದಕ್ಕೇ ಅಗಸೆ ಚಟ್ನಿಪುಡಿ ಒಳ್ಳೇದು ಅನ್ನುತ್ತೇನೆ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಇದೆ. ಇಷ್ಟೆಲ್ಲ ಹೇಳಿದಮೇಲೂ ನನ್ನ ಅಭಿಪ್ರಾಯ ಒಂದೇ: ಎಣ್ಣೆಯ ಬ್ರ್ಯಾಂಡಿಗಿಂತ ಎಣ್ಣೆಯ ಅಳತೆ ಕಡೆ ಗಮನ ಕೊಡಿ.

ಒಂದು ತಮಾಷೆ. ಲಾಲ್‌ಬಾಗ್ ಗೆಳತಿ ಒಬ್ಬರು ಒಂದು ವರ್ಷ ಬಸವನಗುಡಿ ಕಡಲೆಕಾಯಿ ಪರಿಷೆಗೇ ಬರಲಿಲ್ಲ. ಅರಾಕಿಡೋನಿಕ್ ಅನ್ನುವ ಹೆಸರು ಕಡಲೆಕಾಯಿಯದ್ದು ಅಂತ ಎಲ್ಲೋ ಓದಿದ್ದರಂತೆ. ಹೆಸರಿನ ಬೇರು ಅಲ್ಲಿಯದೇ ಹೌದು. ಕಡಲೆಕಾಯಿಯ ಸಸ್ಯಶಾಸ್ತ್ರದ ಹೆಸರು ಅರಾಕಿಸ್. ಆದರೆ ಕಡಲೆಕಾಯಿಯಲ್ಲಿ ಇರೋದು ಅರಾಕಿಡಿಕ್ ಅನ್ನುವ ಬೇರೆ ಕೊಬ್ಬು. ಅರಾಕಿಡೋನಿಕ್ ಅದರಲ್ಲಿ ಇಲ್ಲವೇ ಇಲ್ಲ. ಮುಂದಿನ ಕಾರ್ತಿಕಕ್ಕೆ ಅವರು ಎರಡು ಸೇರು ಹೆಚ್ಚೇ ತಂದರು.

ಕೊಲೆಸ್ಟ್ರಾಲ್ ಮಾತ್ರೆ ತಗೊಂಡ್ರೆ ಕರುಳಿಗೂ ಒಳ್ಳೇದಂತೆ?

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಡೆಯುವ ಕಿಣ್ವದ ಜೀನ್ ಕೆಲವರಲ್ಲಿ ಹುಟ್ಟಿನಿಂದಲೇ ಸ್ವಲ್ಪ ಮಂದ. ಜೀನ್ ಹಂಚಿಕೆ ಇಸ್ಪೀಟು ಎಲೆ ಹಂಚಿದ ಹಾಗೆ, ಯಾರ ಊಟ ತಿಂಡಿ ಚಟ ನೋಡಿಯೂ ಅಲ್ಲ. ಆದ್ದರಿಂದ ವಿಜ್ಞಾನಿಗಳು ಅಂಥವರನ್ನು ಹುಟ್ಟಿನಿಂದಲೇ ಮಾತ್ರೆ ತಿಂದವರು ಎಂಬಂತೆ ನೋಡುತ್ತಾರೆ. ಅವರಲ್ಲಿ ಕರುಳಿನ ಕ್ಯಾನ್ಸರ್ ಒಂದಿಷ್ಟು ಕಡಿಮೆ ಎಂದು ಕಂಡಿದೆ. ಮಾತ್ರೆ ತಿಂದವರ ಲೆಕ್ಕ ಮಾತ್ರ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ. ಹಾರ್ಟಿಗೆ ಬೇಕಾಗಿ ಡಾಕ್ಟರು ಕೊಟ್ಟಿದ್ದರೆ ತಗೊಳ್ಳಿ. ಕರುಳಿಗೆ ಅಂತ ಬೇಡ.

ಮೀನೆಣ್ಣೆ ಮಾತ್ರೆ?

2018ರಲ್ಲಿ ಅಮೆರಿಕದ 25,871 ಮಂದಿಯ ಮೇಲಿನ ಪ್ರಯೋಗದ ಫಲ ಬಂತು. ದಿನಕ್ಕೆ 1 ಗ್ರಾಂ ಮೀನೆಣ್ಣೆ, ಐದು ವರ್ಷಕ್ಕೂ ಹೆಚ್ಚು. ಕ್ಯಾನ್ಸರ್ ಕಡಿಮೆ ಆಗಲಿಲ್ಲ.

ಆಸ್ಪಿರಿನ್ ಕಾಕ್ಸ್ ತಡೆಯುತ್ತೆ ಅಂದ್ರಿ. ದಿನಾ ಒಂದು ನುಂಗಲಾ?

ಲಿಂಚ್ ಇರುವವರಲ್ಲಿ ಆಸ್ಪಿರಿನ್ ಕೆಲಸ ಮಾಡುತ್ತದೆ. 861 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್, ಇನ್ನೊಂದಕ್ಕೆ ಸುಳ್ಳು ಮಾತ್ರೆ ಎರಡು ವರ್ಷ ಕೊಟ್ಟರು. ಹತ್ತು ವರ್ಷ ಕಾದು ನೋಡಿದರು. 2020ರಲ್ಲಿ ಬಂದ ಲೆಕ್ಕದಲ್ಲಿ ಆಸ್ಪಿರಿನ್ ಗುಂಪಿನ ನೂರಕ್ಕೆ 9 ಮಂದಿಗೆ, ಸುಳ್ಳು ಮಾತ್ರೆಯ ಗುಂಪಿನ ನೂರಕ್ಕೆ 13 ಮಂದಿಗೆ ಕರುಳಿನ ಕ್ಯಾನ್ಸರ್ ಆಗಿತ್ತು. ಆದರೆ ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತ ಒಸರಿಸುತ್ತದೆ. ವಯಸ್ಸಾದವರಿಗೆ ಇನ್ನೂ ಜಾಸ್ತಿ. ಎಲ್ಲರಿಗೂ ಹೊಂದುವ ಮಾತ್ರೆ ಅಲ್ಲ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಸಿಗುತ್ತದೆ ಅಂತ ಶುರು ಮಾಡಬೇಡಿ.

ನಮ್ಮಲ್ಲಿ ಸೋದರಮಾವನ ಮಗಳನ್ನೇ ತಂದಿದ್ದಾರೆ. ಅದರಿಂದ ಏನಾದ್ರೂ?

ಫ್ಯಾಡ್ಸ್ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ಎಂಯುಟಿವೈಎಚ್ ಎನ್ನುವ ಇನ್ನೊಂದು ಜೀನ್ ಇದೆ. ಅಪ್ಪನ ಕಡೆಯದು, ಅಮ್ಮನ ಕಡೆಯದು ಎರಡೂ ಕೆಟ್ಟಿದ್ದರೆ ಮಾತ್ರ ಕರುಳಿನಲ್ಲಿ ಪಾಲಿಪ್‌ಗಳು ಏಳುತ್ತವೆ. ಸೋದರಿಕೆ ಮದುವೆಯಲ್ಲಿ ಒಂದೇ ಅಜ್ಜಿಯ ಜೀನ್ ಎರಡೂ ಕಡೆಯಿಂದ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಇಲ್ಲಿ ಅಪ್ಪ ಅಮ್ಮನಿಗೆ ಏನೂ ಆಗಿರುವುದಿಲ್ಲ, ಅಣ್ಣ ತಮ್ಮಂದಿರಿಗೆ ಒಟ್ಟಿಗೇ ಕಾಣಿಸಿಕೊಳ್ಳಬಹುದು. ಡಾಕ್ಟರು ಮನೆತನದ ವಿವರ ಕೇಳಿದಾಗ ಸೋದರಿಕೆಯ ವಿಷಯ ಮುಚ್ಚಿಡಬೇಡಿ. ನಾಚಿಕೆ ಪಡುವಂಥದ್ದೇನೂ ಅಲ್ಲ.

ಉಗುಳು ಕಳಿಸಿ ಮಾಡಿಸುವ ಜೀನ್ ಟೆಸ್ಟ್ ಮಾಡಿಸಲಾ?

ಅಣ್ಣನ ಚಿಕ್ಕ ಮಗ ಮಾಡಿಸಿದ. ಎಂಟು ಸಾವಿರ ಕೊಟ್ಟ. 40 ಪುಟದ ಬಣ್ಣ ಬಣ್ಣದ ವರದಿ ಬಂತು. ಫ್ಯಾಡ್ಸ್1ರ ಪಕ್ಕ ಕೆಂಪು ಬಾಣ. ಹುಡುಗ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಕೊನೆ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಲಿಂಚ್ ಜೀನ್‌ಗಳನ್ನು ನೋಡಿಲ್ಲ ಅಂತಿತ್ತು. ಜಿನುಗನ್ನು ಅಳೆದು ಗುಡುಗನ್ನು ಬಿಟ್ಟ ಹಾಗೆ.

ಇಂಥ ವರದಿಗಳ ಅಂಕಗಳಿಗೆ ಬುಡ ಬಹುಪಾಲು ಯುರೋಪ್, ಪೂರ್ವ ಏಷ್ಯಾದವರ ಮಾಹಿತಿ. ನಮ್ಮವರಿಗೆ ಅದು ಹೊಲಿಸಿಕೊಳ್ಳದೆ ತಂದ ಅಂಗಿ. ನಮ್ಮ ಅಳತೆ ಈಗೀಗ ಸಿಗುತ್ತಿದೆ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ 10 ಸಾವಿರ ಭಾರತೀಯರ ಜೀನೋಮ್ ಓದಿ ಮುಗಿಸಿದೆ. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟರು.

ಮನೆಯಲ್ಲಿ 50ರೊಳಗೆ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಅಥವಾ ಕರುಳು, ಗರ್ಭಕೋಶದ ಕ್ಯಾನ್ಸರ್ ಎರಡು ಮೂರು ಮಂದಿಗೆ ಬಂದಿದ್ದರೆ, ಆಗ ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಮೊದಲು ಕಾಯಿಲೆ ಬಂದವರ ರಕ್ತ ಪರೀಕ್ಷೆ, ಆಮೇಲೆ ಉಳಿದವರದ್ದು.

ಮೂಲವ್ಯಾಧಿಯೋ ಕ್ಯಾನ್ಸರೋ ಹೇಗೆ ಗೊತ್ತಾಗುತ್ತೆ?

ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಅಣ್ಣನಿಗೆ ಎಂಟು ತಿಂಗಳು ಮಲದಲ್ಲಿ ರಕ್ತ ಹೋಗುತ್ತಿತ್ತು. ಒಂದು ಕ್ಲಿನಿಕ್ಕಿನವರು ಕೈಯನ್ನೂ ಹಾಕಿ ನೋಡದೆ ಪೈಲ್ಸ್ ಅಂತ ಮುಲಾಮು ಬರೆದುಕೊಟ್ಟರು. ಆಮೇಲೆ ಮೂಲಂಗಿ ರಸ, ಮಜ್ಜಿಗೆ, ಯಾರೋ ಕೊಟ್ಟ ಪುಡಿ. ಅವನೂ ಸಂಕೋಚದ ಮನುಷ್ಯ, ಅತ್ತಿಗೆಗೂ ಹೇಳಿರಲಿಲ್ಲ. ಕೊನೆಗೆ ಹಿಮೋಗ್ಲೋಬಿನ್ 8ಕ್ಕೆ ಇಳಿದು ಮೆಟ್ಟಿಲು ಹತ್ತುವಾಗ ಏದುಸಿರು ಬಂದಮೇಲೆ ವಿಷಯ ಹೊರಬಿತ್ತು.

ಪೈಲ್ಸ್ ಇರುವವರಿಗೂ ಕ್ಯಾನ್ಸರ್ ಇರಬಹುದು. ಬಲಗಡೆಯ ಕರುಳಿನಲ್ಲಿದ್ದರೆ ಬಹಳ ಸಲ ರಕ್ತ ಕಣ್ಣಿಗೆ ಕಾಣುವುದೇ ಇಲ್ಲ, ಬರೀ ಸುಸ್ತು. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆ ಕಂಡರೆ ಟಾನಿಕ್ ಕುಡಿಸಿ ಸುಮ್ಮನಾಗಬಾರದು. ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು.

ನಾನು ಯಾವಾಗ ಪರೀಕ್ಷೆ ಮಾಡಿಸಬೇಕು? ಕೊಲೊನೋಸ್ಕೋಪಿ ನೋವಾಗುತ್ತಾ?

ಕೊಲೊನೋಸ್ಕೋಪಿ ಅಂದರೆ ಕ್ಯಾಮೆರಾ ಇರುವ ಕೊಳವೆ ಬಿಟ್ಟು ದೊಡ್ಡ ಕರುಳಿನ ಒಳಗೆ ನೋಡುವುದು. ಸರ್ಕಾರದ ಕ್ಯಾನ್ಸರ್ ತಪಾಸಣೆ ನಮ್ಮಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರಕ್ಕೆ. ಕರುಳಿನದನ್ನು ನಾವೇ ಕೇಳಿ ಮಾಡಿಸಿಕೊಳ್ಳಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಶುರು ಮಾಡಿ ಅನ್ನುವುದು ರೂಢಿಯಲ್ಲಿರುವ ಸಲಹೆ. ಅಣ್ಣನ ಮಕ್ಕಳಿಗೆ ಆ ಲೆಕ್ಕದಲ್ಲಿ 40. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಷ್ಟರೊಳಗೆ ಕಂಡರೆ ಅಲ್ಲೇ ಕಿತ್ತು ಹಾಕುತ್ತಾರೆ.

ದೊಡ್ಡವನಿಗೆ ಹೋದ ವರ್ಷ 40 ತುಂಬಿತು. ಕರೆದುಕೊಂಡು ಹೋದವಳು ನಾನೇ. ಪರೀಕ್ಷೆಯ ಹೊತ್ತಿಗೆ ಮಂಪರು ಬರಿಸುತ್ತಾರೆ, ಅವನಿಗೆ ಏನೂ ಗೊತ್ತಾಗಲಿಲ್ಲ. ಕಷ್ಟ ಇರೋದು ಹಿಂದಿನ ದಿನ. ಉಪ್ಪುಪ್ಪಾದ ಔಷಧಿ ನೀರು ಲೀಟರುಗಟ್ಟಲೆ ಕುಡಿಯಬೇಕು, ರಾತ್ರಿಯಿಡೀ ಬಾತ್‌ರೂಮೇ ಗತಿ. ತಣ್ಣಗೆ ಮಾಡಿ ನಿಂಬೆಹಣ್ಣು ಹಿಂಡಿಕೊಂಡರೆ ಗಂಟಲಲ್ಲಿ ಇಳಿಯುತ್ತದೆ. ಕೆಂಪು ಬಣ್ಣದ ಜ್ಯೂಸ್ ಕುಡಿಯಬಾರದು, ರಕ್ತ ಅಂತ ತಪ್ಪು ತಿಳಿಯಬಹುದು. ಅವನಿಗೆ ಒಂದು ಪಾಲಿಪ್ ಸಿಕ್ಕಿತು, ಹೆಸರುಕಾಳಿನಷ್ಟು. ಅಲ್ಲೇ ತೆಗೆದರು. ಮತ್ತೆ ಐದು ವರ್ಷಕ್ಕೆ ಬನ್ನಿ ಅಂದರು.

ಕಾರಿನಲ್ಲಿ ಕೂತವನು ಮೊದಲು ಕೇಳಿದ್ದು, 'ಅತ್ತೆ, ಫ್ಯಾಡ್ಸ್ ಟೆಸ್ಟ್ ನಾನೂ ಮಾಡಿಸಲಾ?' ಅಂತ. ಎರಡನೇದು, ಮನೆಯಲ್ಲಿ ಅನ್ನ ಸಾರು ಇದೆಯಾ ಅಂತ. ಎರಡನೇ ಪ್ರಶ್ನೆಗೆ ಹೌದು ಅಂದೆ.